ತಾತನ ತ್ರೀ ನಾಟ್ ತ್ರೀ

ನಮ್ಮ ಮನೇಲಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡೋಕೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಇತ್ತು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ತಿರುಪಿನ ಮುಚ್ಚಳ, ಮುಚ್ಚಳಕ್ಕೇ ಅಂಟಿಕೊಂಡ ಒಂದು ಸಣ್ಣ ಚಮಚ. ಅಜ್ಜಿ ಆ ಚಮಚದಿಂದ ಒಂದೊಂದೇ ತೊಟ್ಟು ಬಿಡ್ತಿದ್ದಳು. ಅದು ಮಿಷನ್ನಿನ ಜೊತೆಗೇ ಬಂದದ್ದು ಅಂತ ಹೈಸ್ಕೂಲಿಗೆ ಬರೋವರೆಗೂ ನಂಬಿದ್ದೆ. ಅಲ್ಲವಂತೆ. ಅದು ಬಂದೂಕಿನ ಹಿಂಬದಿಯಿಂದ ಬಂದದ್ದು. ಮನೆಗೆ ಹೇಗೆ ಬಂತು ಅಂತ ಕೇಳಿದ್ರೆ, ತುಮಕೂರಿನ ಗುಜರಿ ಅಂಗಡೀಲಿ ಸಿಕ್ತು ಅಂತ ತಾತನ ಸಮಜಾಯಿಷಿ. ನಾನೂ ನಂಬಿದೆ, ನೀವೂ ನಂಬಿಬಿಡಿ :-)

ತಾತ ಪೊಲೀಸು. 1963ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಮೂವತ್ತೈದು ವರ್ಷ ಊರೂರು ತಿರುಗಿ, ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆಗಿ ಅಮೃತೂರಿಗೆ ವಾಪಸ್ ಬಂದ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಸಂಜೆ ಜಗಲಿ. ರಜಕ್ಕೆ ಹೋದಾಗೆಲ್ಲ ನಾನು ಅದೇ ಜಗಲಿ ಮೇಲೆ ಕೂತು ಒಂದೇ ಪ್ರಶ್ನೆ ಕೇಳ್ತಿದ್ದೆ.

"ತಾತ, ನೀನು ಯಾರಿಗಾದ್ರೂ ಗುಂಡು ಹೊಡ್ದಿದ್ದೀಯ?"

ತಾತ ಅದಕ್ಕೆ ಯಾವತ್ತೂ ಹೂಂ ಅಂತಲೂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಊರುಗೋಲನ್ನ ಎತ್ತಿ ತೊಡೆ ಮೇಲೆ ಅಡ್ಡ ಇಟ್ಕೊಂಡು, "ನೋಡು ಮಗ, ಬಂದೂಕಿಂದು ಇಲ್ಲೊಂದು ಇರ್ತದೆ" ಅಂತ ಶುರು ಮಾಡ್ತಿದ್ದ. ಒಂದು ಸಂಜೆಗೆ ಒಂದು ಭಾಗ. ನಾನು ಕೇಳಿದ್ದು ಮರೆತು ಅದನ್ನೇ ಕೇಳ್ತಾ ಕೂರ್ತಿದ್ದೆ. ಹೀಗೆ ನಾನು ಸೈಕಲ್ ಹೊಡೆಯೋದು ಕಲಿಯೋ ಮೊದಲೇ ಒಂದು ಬಂದೂಕಿನ ಬಹುತೇಕ ಎಲ್ಲಾ ಭಾಗಗಳನ್ನ ಒಂದು ಊರುಗೋಲಿನ ಮೇಲೆ ಕಲಿತೆ.

ತ್ರೀ ನಾಟ್ ತ್ರೀಯನ್ನ ನೀವೂ ನೋಡಿರ್ತೀರಿ. ಚುನಾವಣೆ ದಿನ ಸ್ಕೂಲ್ ಬಾಗಿಲಲ್ಲಿ ಖಾಕಿಯವರು ಹಿಡಿದು ನಿಲ್ತಿದ್ದ ಆ ಮರದ ಬಂದೂಕು. 303 ಅಂದ್ರೆ ಮುನ್ನೂರ ಮೂರು ಗುಂಡು ಹಿಡಿಸುತ್ತೆ ಅಂತ ನಾನಂದ್ಕೊಂಡಿದ್ದೆ. ಅಸಲಿಗೆ ಅದು ನಳಿಗೆಯ ತೂತಿನ ಅಳತೆ, 0.303 ಇಂಚು, ಅಂದ್ರೆ 7.7 ಮಿಲಿಮೀಟರ್. ಹಿಡಿಸೋದು ಹತ್ತೇ ಗುಂಡು. ಲೀ ಎನ್‌ಫೀಲ್ಡ್ ಅನ್ನೋ ಹೆಸರಲ್ಲಿ ಮೊದಲ ಪದ ಜೇಮ್ಸ್ ಪ್ಯಾರಿಸ್ ಲೀ ಅನ್ನೋನದ್ದು, ಬೋಲ್ಟು ಮತ್ತು ಮ್ಯಾಗಜಿನ್ ಅವನ ವಿನ್ಯಾಸ. ಎರಡನೇದು ಲಂಡನ್ ಹತ್ತಿರ ಬಂದೂಕಿನ ಕಾರ್ಖಾನೆ ಇದ್ದ ಊರು. ತಾತನ ಕೈಯಲ್ಲಿದ್ದದ್ದು ಕಲ್ಕತ್ತಾ ಹತ್ತಿರದ ಇಶಾಪುರದ ಕಾರ್ಖಾನೆಯದ್ದು.

ಮೊದಲ ಸಂಜೆಯ ಪಾಠ ಆ ಎಣ್ಣೆ ಡಬ್ಬಿಯದ್ದೇ. ಬಂದೂಕಿನ ಹಿಂಭಾಗಕ್ಕೆ ಹಿತ್ತಾಳೆ ತಗಡು ಹೊಡೆದಿರ್ತಾರೆ, ಅದರಲ್ಲೊಂದು ಪುಟ್ಟ ಬಾಗಿಲು. ಬಾಗಿಲು ತೆಗೆದ್ರೆ ಮರದೊಳಗೆ ತೂತು. ತೂತಿನಲ್ಲಿ ಎಣ್ಣೆ ಡಬ್ಬಿ, ಮತ್ತೆ ಪುಲ್‌ತ್ರೂ ಅನ್ನೋ ಒಂದು ಹಗ್ಗ. ಹಗ್ಗದ ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಗೆ 'ಚಿಂದಿ' ಸಿಕ್ಕಿಸೋ ಕುಣಿಕೆ. ತೂಕದ ತುದಿಯನ್ನ ನಳಿಗೆಗೆ ಇಳಿಬಿಟ್ಟು ಆಚೆಯಿಂದ ಎಳೆದ್ರೆ ಬಟ್ಟೆ ಒಳಗೆಲ್ಲ ಉಜ್ಜಿಕೊಂಡು ಬರುತ್ತೆ. ಆದ್ರೆ ಗುಂಡು ಹಾರಿಸಿದ ದಿನ ಇಷ್ಟು ಸಾಲಲ್ಲ, ಮೊದಲು ಕುದಿಯೋ ನೀರು ಹುಯ್ಯಬೇಕು. ಬಂದೂಕಿಗೆ ನೀರಾ ಅಂತ ನಾನು ನಗಾಡಿದ್ದೆ. ಕಾರಣ ಆಮೇಲೆ ಓದಿಕೊಂಡೆ. ಹಳೇ ಗುಂಡುಗಳ ಹಿಂಭಾಗದಲ್ಲಿ ಕಿಡಿ ಹುಟ್ಟಿಸೋ ಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಪ್ಪು ಬಿಟ್ಟು ಹೋಗುತ್ತೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ. ಎಣ್ಣೆಗೆ ಉಪ್ಪು ಕರಗಲ್ಲ, ನೀರಿಗೆ ಕರಗುತ್ತೆ. ಉಪ್ಪಿನಕಾಯಿ ಜಾಡಿ ಮುಚ್ಚಳ ತೊಳೆದ ಯಾವ ಅಜ್ಜಿಗಾದ್ರೂ ಗೊತ್ತಿರೋ ವಿಷಯ.

ಈ ಬಂದೂಕಿಗೆ 'ಶಾರ್ಟ್' ಅಂತಲೂ ಒಂದು ವಿಶೇಷಣ ಇದೆ. ಮುಂಚೆ ಕಾಲಾಳಿಗೆ ಉದ್ದನೇ ಬಂದೂಕು, ಕುದುರೆ ಸವಾರನಿಗೆ ಗಿಡ್ಡ ಬಂದೂಕು ಅಂತ ಬೇರೆ ಬೇರೆ ಇತ್ತು. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ಚೆನ್ನಾಗಿ ಪೆಟ್ಟು ತಿಂದ ಮೇಲೆ, 30 ಇಂಚಿನ ನಳಿಗೆಯನ್ನ 25ಕ್ಕೆ ಇಳಿಸಿ ಇಬ್ಬರಿಗೂ ಒಂದೇ ಅಂತ ಮಾಡಿದ್ರು. ಕುಣಿಗಲ್ಲಿನವನಾದ ನನಗೆ ಇದು ಸ್ವಲ್ಪ ಖುಷಿಯ ವಿಷಯ. ನಮ್ಮ ತಾಲ್ಲೂಕಿನ ಹೆಸರು ಹೊರಗಿನವರಿಗೆ ಗೊತ್ತಿರೋದೇ ಟಿಪ್ಪು ಕಾಲದ ಕುದುರೆ ಫಾರಮ್ಮಿನಿಂದ. ಬಂದೂಕಿನ ಉದ್ದ ಕೂಡ ಕುದುರೆ ನೋಡಿ ಇಟ್ಟದ್ದು ಅಂದ್ರೆ ನಮಗೂ ಸ್ವಲ್ಪ ಪಾಲು ಬೇಡವೇ.

ಗಿಡ್ಡ ಮಾಡಿದ್ದಕ್ಕೆ ಬೇರೆ ಕಡೆ ಬೆಲೆ ತೆರಬೇಕಾಯ್ತು. ಕೈ ಕೈ ಮಿಲಾಯಿಸೋ ಜಗಳದಲ್ಲಿ ಎದುರಾಳಿಯ ಉದ್ದ ಬಂದೂಕಿನ ಮುಂದೆ ನಮ್ಮದು ಮೋಟು. ಅದಕ್ಕೆ ಬಯೊನೆಟ್ಟನ್ನೇ ಉದ್ದ ಮಾಡಿದ್ರು, ಅಲಗೇ 17 ಇಂಚು. ಅದನ್ನ ನಳಿಗೆಗೆ ಸಿಕ್ಕಿಸದೆ, ಮೂತಿಗೆ ಒಂದು ಉಕ್ಕಿನ ಮುಖವಾಡ ಮಾಡಿ ಅದಕ್ಕೆ ಸಿಕ್ಕಿಸಿದ್ರು. ಈ ಬಂದೂಕಿನ ಮೂತಿ ಹಂದಿ ಮೂತಿ ಥರ ಮೊಂಡಾಗಿರೋದು ಅದಕ್ಕೇ. ತುದಿಯವರೆಗೂ ಮರ ಹೊದಿಸಿರೋದೂ ಅಲಂಕಾರಕ್ಕಲ್ಲ, ಕಾದ ನಳಿಗೆ ಮುಟ್ಟಿ ಕೈ ಸುಟ್ಟುಕೊಳ್ಳದಿರಲಿ ಅಂತ. ಕೆಲವು ಬಂದೂಕುಗಳಿಗೆ ಮುಂಭಾಗದಲ್ಲಿ ತಂತಿ ಸುತ್ತಿರ್ತಾರೆ. ನಾವು ಸೀಳು ಬಿಟ್ಟ ಕೊಡಲಿ ಕಾವಿಗೆ ಸುತ್ತಲ್ವಾ, ಹಾಗೇ. ಅವು ಗ್ರೆನೇಡ್ ಎಸೆಯೋಕೆ ಬಳಸೋ ಬಂದೂಕುಗಳು. ಆ ಹೊಡೆತಕ್ಕೆ ಮರ ಸೀಳಿದ್ರೂ ಚೂರು ಹಾರದೆ ಒಟ್ಟಿಗೆ ಇರಲಿ ಅಂತ.

ತಾತನ ಅಚ್ಚುಮೆಚ್ಚಿನ ಭಾಗ ಬೋಲ್ಟು. ಬೋಲ್ಟ್ ಅಂದ್ರೆ ಬೇರೇನಲ್ಲ, ನಮ್ಮ ಬಾಗಿಲ ಚಿಲಕ. ಎತ್ತು, ಎಳೆ, ದೂಡು, ಇಳಿಸು. ಎಳೆದಾಗ ಖಾಲಿ ತೋಟಾ ಹೊರಗೆ, ದೂಡಿದಾಗ ಹೊಸದು ಒಳಗೆ. ಜರ್ಮನಿಯ ಮೌಸರ್‌ನಲ್ಲಿ ಚಿಲಕ ಎತ್ತುವಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತೆ. ನಮ್ಮದರಲ್ಲಿ ದೂಡುವಾಗ. ಏನು ಮಹಾ ವ್ಯತ್ಯಾಸ ಅನ್ಸುತ್ತೆ. ಆದ್ರೆ ಹತ್ತಿಪ್ಪತ್ತು ಗುಂಡು ಹೊಡೆದು ನಳಿಗೆ ಕಾದಾಗ ಖಾಲಿ ತೋಟಾ ಒಳಗೆ ಅಂಟಿಕೊಳ್ಳುತ್ತೆ. ಆಗ ಎತ್ತೋ ಬಲ ಪೂರ್ತಿ ಅದನ್ನ ಕೀಳೋಕೆ ಸಿಗಬೇಕು, ಸ್ಪ್ರಿಂಗಿಗೆ ಹಂಚಿ ಹೋಗಬಾರದು. ಚಿಲಕದ ಹಿಡಿ ಕೂಡ ಕೆಳಗೆ ಬಾಗಿ, ಟ್ರಿಗರ್ ಪಕ್ಕದಲ್ಲೇ ಕೈಗೆ ಸಿಗುತ್ತೆ. ಇದಕ್ಕೆಲ್ಲ ಸೇರಿ ಬ್ರಿಟಿಷ್ ಸೈನ್ಯದಲ್ಲಿ ಒಂದು ಪರೀಕ್ಷೆಯೇ ಇತ್ತು, 300 ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ ಕನಿಷ್ಠ 15 ಗುಂಡು. ಹುಚ್ಚು ನಿಮಿಷ ಅಂತ ಅದಕ್ಕೆ ಹೆಸರು. ಮೌಸರ್ ಚಿಲಕದ ಹಲ್ಲುಗಳು ಮುಂದೆ, ಗುಂಡಿನ ಪಕ್ಕದಲ್ಲೇ ಇರೋದ್ರಿಂದ ಅದು ಹೆಚ್ಚು ಗಟ್ಟಿ. ನಮ್ಮದರ ಹಲ್ಲುಗಳು ಹಿಂದೆ. ಗಟ್ಟಿತನ ಸ್ವಲ್ಪ ಬಿಟ್ಟುಕೊಟ್ಟು ವೇಗ ತಗೊಂಡ್ರು ಅನ್ನಬಹುದು.

ಇಷ್ಟು ವೇಗದ ಬಂದೂಕು ಮಾಡಿದವರೇ ಅದಕ್ಕೆ ಇನ್ನೊಂದು ಭಾಗ ಜೋಡಿಸಿದ್ರು, ಅದು ನನಗೆ ಭಾರಿ ತಮಾಷೆ. ಮ್ಯಾಗಜಿನ್ ಮೇಲೆ ಅಡ್ಡಕ್ಕೆ ಸರಿಯೋ ಒಂದು ತಗಡು, ಕಟಾಫ್ ಅಂತ. ತಗಡು ಒಳಗೆ ದೂಡಿದ್ರೆ ಮ್ಯಾಗಜಿನ್ನಿನ ಹತ್ತು ಗುಂಡು ಹಾಗೇ ಭದ್ರ, ಸಿಪಾಯಿ ಒಂದೊಂದೇ ಗುಂಡು ಕೈಯಿಂದ ಇಟ್ಟು ಹೊಡೀಬೇಕು. ಅಧಿಕಾರಿ ಹೇಳಿದಾಗ ಮಾತ್ರ ತಗಡು ತೆಗೆಯೋದು. ಮಕ್ಕಳಿಗೆ ಅಂತಲೇ ಕೋಡುಬಳೆ ಮಾಡಿ, ಡಬ್ಬಿಯನ್ನ ಅಟ್ಟದ ಮೇಲಿಟ್ಟ ಹಾಗೆ! ಸಿಪಾಯಿ ಗುಂಡು ಪೋಲು ಮಾಡಿಬಿಡ್ತಾನೆ ಅನ್ನೋ ಭಯ ಅದು. ಎಡಗಡೆ ಇನ್ನೊಂದು ಗುರಿಕಟ್ಟು ಇತ್ತು, 2,800 ಗಜದವರೆಗೆ. ಅಂದ್ರೆ ಅಮೃತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎರಡೂವರೆ ಕಿಲೋಮೀಟರ್ ಆಚೆಯ ತೋಟಕ್ಕೆ ಗುರಿ ಇಟ್ಟ ಹಾಗೆ. ಒಬ್ಬೊಬ್ಬ ಮನುಷ್ಯನಿಗಲ್ಲ, ಇಡೀ ತಂಡ ಒಟ್ಟಿಗೆ ಹೊಡೆದು ದೂರದ ಗುಂಪಿನ ಮೇಲೆ ಗುಂಡಿನ ಮಳೆ ಸುರಿಸೋಕೆ. ಮೊದಲ ಮಹಾಯುದ್ಧದಲ್ಲಿ ಆ ಕೆಲಸವನ್ನ ಮೆಷಿನ್ ಗನ್ ವಹಿಸ್ಕೊಂಡ್ತು. ಬಂದೂಕು ಬೇಗ ಬೇಗ ತಯಾರಾಗಬೇಕಿತ್ತು ಬೇರೆ. 1916ರ ಮಾದರಿಯಲ್ಲಿ ಎರಡನ್ನೂ ಕೈಬಿಟ್ರು. ಕೆಲವು ಬಂದೂಕುಗಳಲ್ಲಿ ತಗಡು ಇಲ್ಲ, ತಗಡಿನ ಸೀಳು ಮಾತ್ರ ಉಳಿದಿದೆ. ನಮ್ಮ ಆಫೀಸಿನ ಹಳೇ ಕೋಡ್ ನೋಡಿದವರಿಗೆ ಈ ಸೀಳು ಚೆನ್ನಾಗಿ ಅರ್ಥ ಆಗುತ್ತೆ. ಯಾರೂ ಕರೆಯದ ಫಂಕ್ಷನ್ನು, ಅಳಿಸೋಕೆ ಯಾರಿಗೂ ಧೈರ್ಯ ಇಲ್ಲ.

ಭಯದ ಮಾತು ಬಂದಿದ್ದಕ್ಕೆ ಮಸ್ಕೆಟ್ ಬಗ್ಗೆಯೂ ಹೇಳಿಬಿಡ್ತೀನಿ. ಹೊರಗಿಂದ ನೋಡಿದ್ರೆ ತದ್ವತ್ ತ್ರೀ ನಾಟ್ ತ್ರೀ. ಆದ್ರೆ ನಳಿಗೆಯನ್ನ ಕೊರೆದು ದೊಡ್ಡದು ಮಾಡಿ, ಒಳಗಿನ ಸುರುಳಿ ಗೆರೆಗಳನ್ನ ಅಳಿಸಿರ್ತಾರೆ. ಆ ಗೆರೆಗಳೇ ಗುಂಡನ್ನ ಬುಗುರಿ ಥರ ತಿರುಗಿಸಿ ನೆಟ್ಟಗೆ ಕಳಿಸೋದು, ಅವಿಲ್ಲದಿದ್ರೆ ದೂರಕ್ಕೆ ಗುರಿ ನಿಲ್ಲಲ್ಲ. ಮ್ಯಾಗಜಿನ್ ಒಳಗೆ ಒಂದು ಮರದ ತುಂಡು ತುರುಕಿರ್ತಾರೆ, ಹತ್ತು ಗುಂಡಿನ ಜಾಗದಲ್ಲಿ ಕಟ್ಟಿಗೆ! ಒಂದು ಸಲಕ್ಕೆ ಒಂದೇ ಗುಂಡು. ಪೊಲೀಸರಿಗೆ, ಕಾವಲಿನವರಿಗೆ ಅಂತ ಬ್ರಿಟಿಷರ ಕಾಲದಲ್ಲಿ ಇಶಾಪುರದಲ್ಲಿ ಹೀಗೆ ಮಾಡಿದ್ರು. ಕೈಗೆ ಕೊಟ್ಟವನೇ ನಾಳೆ ತಿರುಗಿ ಬಿದ್ದರೆ? ಯಾರಾದ್ರೂ ಕದ್ದೊಯ್ದರೆ? 1857ರ ದಂಗೆ ಆದ ಮೇಲೆ ನಮ್ಮ ಸಿಪಾಯಿಗಳಿಗೆ ಗೆರೆ ಅಳಿಸಿದ ನಳಿಗೆಯ ಬಂದೂಕು ಕೊಟ್ಟದ್ದೂ ಇದೇ ಲೆಕ್ಕದಲ್ಲಿ. ಬಂದೂಕನ್ನ ಚೆನ್ನಾಗಿ ಮಾಡೋದು ಒಂದು ವಿದ್ಯೆ, ಬೇಕಂತಲೇ ಕೆಡಿಸಿ ಮಾಡೋದು ಇನ್ನೊಂದು.

ಎಂಟನೇ ಕ್ಲಾಸೋ ಒಂಬತ್ತೋ, ಜಲಿಯನ್‌ವಾಲಾ ಬಾಗ್ ಪಾಠ ಆಯ್ತು. ಆ ರಜದಲ್ಲಿ ಕೇಳಿದೆ.

"ತಾತ, ಅವತ್ತು ಹೊಡೆದ್ರಲ್ಲ, ಅದೂ ನಿಂದೇ ಬಂದೂಕಾ?"

"ಹೂಂ. ಅದೇ" ಅಂದ. ಅವತ್ತು ಊರುಗೋಲು ಎತ್ತಿಕೊಳ್ಳಲಿಲ್ಲ. ಎದ್ದು ತೋಟದ ಕಡೆ ಹೋದ.

ಆಮೇಲೆ ಇಂಜಿನಿಯರಿಂಗ್ ಓದೋವಾಗ ಒಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಲೆಕ್ಕ ಹಾಕಿದೆ. 1919ರ ಏಪ್ರಿಲ್ 13. ಬಂದೂಕು ಹಿಡಿದವರು 50 ಜನ. ಹಾರಿಸಿದ್ದು 1,650 ಗುಂಡು, ಸುಮಾರು ಹತ್ತು ನಿಮಿಷ. ಸರ್ಕಾರದ ಲೆಕ್ಕದಲ್ಲೇ ಸತ್ತವರು 379. ತಲೆಗೆ 33 ಗುಂಡು. ಹತ್ತು ನಿಮಿಷಕ್ಕೆ 33 ಅಂದ್ರೆ ಸರಾಸರಿ ಹದಿನೆಂಟು ಸೆಕೆಂಡಿಗೆ ಒಂದು. ನಿಮಿಷಕ್ಕೆ ಹದಿನೈದು ಹೊಡೆಯಬಲ್ಲ ಬಂದೂಕು, ನಿಮಿಷಕ್ಕೆ ಮೂರು ಚಿಲ್ಲರೆ. ಕೋಪದಲ್ಲಿ, ಗಾಬರಿಯಲ್ಲಿ ಹೊಡೆದವರ ಲೆಕ್ಕ ಹೀಗಿರಲ್ಲ. ನಿಲ್ಲಿಸಿ, ಜನ ಎಲ್ಲಿ ದಟ್ಟವಾಗಿದ್ದಾರೆ ಅಂತ ನೋಡಿ, ಮತ್ತೆ ಹೊಡೆಸಿದ ಲೆಕ್ಕ ಅದು. ಎರಡು ಗುಂಡಿನ ನಡುವೆ ಹದಿನೆಂಟು ಸೆಕೆಂಡು ಇತ್ತು. ಕೈಗಡಿಯಾರ ನೋಡ್ಕೊಂಡು ಕಾದು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತೆ.

ಬಂದೂಕನ್ನ ಕಣ್ಣಾರೆ ಹತ್ತಿರದಿಂದ ನೋಡಿದ್ದು ಆಯುಧಪೂಜೆಯಲ್ಲಿ. ರಿಟೈರ್ ಆಗಿ ಎಷ್ಟೋ ವರ್ಷ ಆಗಿದ್ರೂ ತಾತ ಅವತ್ತು ಮಾತ್ರ ತುಮಕೂರಿಗೆ ಹೋಗೋದು ತಪ್ಪಿಸ್ತಿರಲಿಲ್ಲ. ಒಂದು ವರ್ಷ ನನ್ನನ್ನೂ ಕರ್ಕೊಂಡು ಹೋದ. ಮೇಜಿನ ಮೇಲೆ ಬಂದೂಕುಗಳ ಸಾಲು, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ ಹೂವು, ಮುಂದೆ ಒಡೆದ ಬೂದುಗುಂಬಳಕಾಯಿ. ನಾನು ಕಲಿತದ್ದನ್ನೆಲ್ಲ ಒಂದೊಂದೇ ಗುರುತು ಹಿಡಿದೆ. ಹಿತ್ತಾಳೆ ಬಾಗಿಲು, ಮೂತಿ, ಮುಂದೆ ತೂಗೋ ಕೊಂಡಿ (ಮೂರು ಬಂದೂಕನ್ನ ಒಂದಕ್ಕೊಂದು ಸಿಕ್ಕಿಸಿ, ಜೋಳದ ಸೊಪ್ಪೆ ನಿಲ್ಲಿಸಿದ ಹಾಗೆ ನಿಲ್ಲಿಸೋಕೆ ಇರೋದು). ಒಂದು ಮಾತ್ರ ತಾತ ಯಾವತ್ತೂ ಹೇಳಿರದ ಭಾಗ. ಬೋಲ್ಟಿನ ಹಿಂತುದಿಯಲ್ಲಿ, ಹೊರಗೆ ಚಾಚಿಕೊಂಡು, ಬೆರಳಿಗೆ ಸಿಗೋ ಹಾಗೆ ಒಂದು ಉಕ್ಕಿನ ಗುಬುಟು.

"ಇದು ಯಾಕೆ ತಾತ?"

"ಅದು ಸುಮ್ನೆ" ಅಂದ.

ಮಿಲಿಟರಿ ಬಂದೂಕಿನಲ್ಲಿ ಸುಮ್ಮನೆ ಇರೋದು ಯಾವುದೂ ಇಲ್ಲ ಅಂತ ಅಷ್ಟು ಹೊತ್ತಿಗೆ ನನಗೇ ಗೊತ್ತಿತ್ತು. ಆದ್ರೂ ಬಿಟ್ಟೆ.

ಕೆಲಸಕ್ಕೆ ಸೇರಿದ ಮೇಲೆ, 2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ ಸುದ್ದಿ ಓದಿದೆ. ಓದ್ತಾ ಓದ್ತಾ ಆ ಗುಬುಟಿನ ನೆನಪಾಗಿ ಹುಡುಕಿದೆ. ಸಿಕ್ತು. ಅದು ಹೊಡೆಯೋ ಕಡ್ಡಿಯ ಹಿಂತುದಿ. ಟ್ರಿಗರ್ ಎಳೆದಾಗ ಕಡ್ಡಿ ಮುಂದೆ ನುಗ್ಗಿ ಗುಂಡಿನ ಹಿಂಭಾಗಕ್ಕೆ ಕುಟ್ಟುತ್ತೆ. ಕೆಲವು ಸಲ ಕುಟ್ಟಿದ್ರೂ ಮದ್ದು ಹತ್ತಿಕೊಳ್ಳಲ್ಲ, ಹಳೇ ಗುಂಡು, ತೇವ, ಏನೋ ಒಂದು. ಆಗ ಚಿಲಕ ತೆಗೆದು ಗುಂಡು ಬದಲಾಯಿಸೋ ಗೋಜಿಲ್ಲದೆ, ಆ ಗುಬುಟನ್ನ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದ್ರೆ ಸಾಕು, ಅದೇ ಗುಂಡಿಗೆ ಇನ್ನೊಂದು ಏಟು ಹಾಕಬಹುದು. ಎರಡನೇ ಏಟಿಗೆ ಎಷ್ಟೋ ಸಲ ಹಾರುತ್ತೆ. ಮೌಸರ್‌ನಲ್ಲಿ ಹೀಗೆ ಬೆರಳಿಗೆ ಸುಲಭವಾಗಿ ಸಿಗಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋಗಿದ್ದೆ. ತಾತನಿಗೆ ಆಗಲೇ ಎಂಬತ್ತು ದಾಟಿತ್ತು, ಕಿವಿ ಮಂದ. ಹುಡುಗರು ಬೀದಿಯಲ್ಲಿ ಪಟಾಕಿ ಹೊಡೀತಿದ್ರು. ಒಂದು ಲಕ್ಷ್ಮಿ ಪಟಾಕಿ ಟುಸ್ ಅಂತು. ಒಬ್ಬ ಹುಡುಗ ಮತ್ತೆ ಹಚ್ಚೋಕೆ ಹೋದ. "ಲೋ, ಮುಟ್ಟಬೇಡ್ವೋ ಅದನ್ನ!" ಅಂತ ತಾತ ಜಗಲಿಯಿಂದಲೇ ಕೂಗಿದ ರಭಸಕ್ಕೆ ನಾನೇ ಬೆಚ್ಚಿಬಿದ್ದೆ. ಆಮೇಲೆ ಬೀದಿ ಖಾಲಿಯಾದಾಗ ಕೇಳಿದೆ.

"ತಾತ, ಆ ಗುಬುಟು ಯಾಕಿದೆ ಅಂತ ನಂಗೆ ಗೊತ್ತಾಯ್ತು."

ಸುಮಾರು ಹೊತ್ತು ಸುಮ್ಮನಿದ್ದ. ಕೇಳಿಸಲಿಲ್ಲವೇನೋ ಅಂದ್ಕೊಂಡೆ.

"ನಿಮ್ಮಪ್ಪ ಆಗಿನ್ನೂ ಸ್ಕೂಲಿಗೆ ಹೋಗ್ತಿದ್ದ" ಅಂತ ಶುರು ಮಾಡಿದ. ಬೇರೆ ಜಿಲ್ಲೆಯ ಒಂದು ಊರಿಗೆ ಬಂದೋಬಸ್ತಿಗೆ ಹಾಕಿದ್ರಂತೆ. ಊರಿನ ಹೆಸರು ಇಲ್ಲಿ ಬೇಡ. ಕಲ್ಲು ತೂರಾಟ, ಲಾಠಿ, ಮತ್ತೆ ಕಲ್ಲು. ಕೊನೆಗೆ ಫೈರಿಂಗ್ ಆರ್ಡರ್ ಆಯ್ತು. ಸಾಲಿನಲ್ಲಿ ಇಬ್ಬರ ಹೆಸರು ಕೂಗಿ ಒಂದೊಂದು ರೌಂಡ್ ಅಂದ್ರು. ಒಂದು ಹೆಸರು ತಾತನದು.

"ಎದುರಿಗೆ ಒಬ್ಬ ಇದ್ದ. ಬಿಳಿ ಬನಿಯನ್ನು. ಕಾಲಿಗೆ ಹಿಡಿದೆ ಅಂತ ನಾನಂದ್ಕೋತೀನಿ, ದೇವರಿಗೆ ಗೊತ್ತು. ಟ್ರಿಗರ್ ಎಳೆದೆ ಕಣೋ. ಎಳೆಯಲಿಲ್ಲ ಅಂತ ಅನ್ನಲ್ಲ. ಎಳೆದೆ. ಟಿಕ್ ಅಂತು, ಅಷ್ಟೇ. ಪಕ್ಕದವನದು ಹೊಡೀತು. ಜನ ಓಡಿದ್ರು. ಇವನು ಓಡಲಿಲ್ಲ. ನನ್ನೇ ನೋಡ್ತಾ ನಿಂತಿದ್ದ, ಅವನಿಗೂ ಗೊತ್ತಾಗಿತ್ತು ಅನ್ಸುತ್ತೆ."

"ಆಮೇಲೆ?"

"ಡ್ರಿಲ್ಲಿನಲ್ಲಿ ಸಾವಿರ ಸಲ ಮಾಡಿದ್ದೀನಿ. ಟಿಕ್ ಅಂದ್ರೆ ಕೈ ತಾನಾಗೇ ಹಿಂದಕ್ಕೆ ಹೋಗಬೇಕು. ಅವತ್ತು ಹೋಗಲಿಲ್ಲ. ಯಾಕೆ ಅಂತ ಕೇಳಬೇಡ. ಕರುಣೆ ಗಿರುಣೆ ಅಂತ ನೀನೇನೂ ಬರೆದುಕೋಬೇಡ. ಕೈ ಹೋಗಲಿಲ್ಲ, ಅಷ್ಟೇ. ಅವನೂ ಹೊರಟುಹೋದ."

ಪಕ್ಕದವನ ಗುಂಡಿನ ವಿಷಯ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ವಾಪಸ್ ಬಂದ ಮೇಲೆ ಬಂದೂಕು ಜಮಾ ಮಾಡುವಾಗ ಆರ್ಮರರ್ ಆ ಗುಂಡನ್ನ ಬೆಳಕಿಗೆ ಹಿಡಿದು ನೋಡಿದನಂತೆ. ಹಿಂಭಾಗದಲ್ಲಿ ಸಣ್ಣ ಗುಳಿ ಬಿದ್ದಿತ್ತು. ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ನೋಡಿ, ಎಲ್ಲ ಸರಿಯಾಗೇ ಇದೆ, ಇನ್ನೊಂದು ಸಲ ಎಳೆದಿದ್ರೆ ಹೊಡೀತಿತ್ತು ಅಂದನಂತೆ. ತಾತ ಉತ್ತರ ಕೊಡಲಿಲ್ಲ. ಅವನೂ ಮುಂದೆ ಕೇಳಲಿಲ್ಲ.

"ಆ ಗುಂಡು ಏನಾಯ್ತು ತಾತ?"

"ಏನಾಗ್ತದೆ? ಐದು ಕೊಟ್ಟಿದ್ರು, ಐದೂ ವಾಪಸ್ ಕೊಟ್ಟೆ. ಲೆಕ್ಕ ಸರಿಹೋಯ್ತು" ಅಂತ ಹೇಳಿ ಊರುಗೋಲು ಊರಿಕೊಂಡು ಒಳಗೆ ಹೋದ.